ಬುತ್ತಿ ಬಿಚ್ಚುವ ಹೊತ್ತು

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಇರುವ ಉಡಿಗಾಲದಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ರಸ್ತೆ ಬದಿ ನಿಂತರೆ ಊರು ಕೆಲಸಕ್ಕೆ ಹೊರಡುವುದು ಕಾಣುತ್ತದೆ. ಕೊರಳಿಗೆ ಕಾರ್ಖಾನೆಯ ಗುರುತಿನ ಚೀಟಿ ನೇತುಹಾಕಿಕೊಂಡ ಹೆಣ್ಣುಮಕ್ಕಳು ಬಸ್ಸಿಗೆ ಕಾಯುತ್ತಿರುತ್ತಾರೆ. ತಲೆಗೆ ಟವೆಲ್ ಸುತ್ತಿದ ಹೆಂಗಸರು ಲಗೇಜ್ ಆಟೊದಲ್ಲಿ ಒತ್ತೊತ್ತಾಗಿ ಕೂತು ಅರಿಶಿನದ ಹೊಲಕ್ಕೋ ಬಾಳೆ ತೋಟಕ್ಕೋ ಹೋಗುತ್ತಾರೆ. ಗಂಡಸರು ಒಂದಿಬ್ಬರು ವಾರದ ಬಟ್ಟೆ ತುಂಬಿದ ಬ್ಯಾಗು ಹಿಡಿದು ಕೇರಳದ ಕಡೆಯ ಕೆಲಸಕ್ಕೆ ಹೊರಟಿರುತ್ತಾರೆ. ಎಲ್ಲರ ಚೀಲದಲ್ಲೂ ಒಂದು ಬುತ್ತಿ ಇದ್ದೇ ಇರುತ್ತದೆ. ಹಿಟ್ಟು, ಉಪ್ಸಾರು, ಇಲ್ಲವೆ ಅನ್ನಕ್ಕೆ ಕಲಸಿದ ಏನಾದರೂ. ಕೆಲಸದ ಜಾಗದಲ್ಲಿ ಯಾರು ಒಳಗಿನವರು, ಯಾರು ಇನ್ನೂ ಹೊರಗಿನವರು ಎಂದು ತಿಳಿಯಬೇಕಾದರೆ ನಾನು ಸಂಬಳದ ಚೀಟಿ ನೋಡುವುದಿಲ್ಲ. ಮಧ್ಯಾಹ್ನ ಈ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ ನೋಡುತ್ತೇನೆ.

ಈ ಅಭ್ಯಾಸ ಚಿಕ್ಕಂದಿನದು. ನಮ್ಮ ಹೊಲದಲ್ಲಿ ಅರಿಶಿನಕ್ಕೆ ಕಳೆ ಕೀಳುವಾಗ ಹತ್ತು ಹನ್ನೆರಡು ಮಂದಿ ಸಾಲಾಗಿ ಕೂರುತ್ತಿದ್ದರು. ಆ ಸಾಲಿನಲ್ಲಿ ಯಾರ ಕೇರಿ ಯಾವುದು ಎಂದು ಯಾರೂ ನೋಡುತ್ತಿರಲಿಲ್ಲ. ಒಬ್ಬಳು ಹಿಂದೆ ಬಿದ್ದರೆ ಪಕ್ಕದವಳು ಅವಳ ಸಾಲಿನ ನಾಲ್ಕು ಬುಡವನ್ನೂ ಸೇರಿಸಿ ಕಿತ್ತು, ಜೊತೆಗೆ ಎಳೆದುಕೊಂಡು ಬರುತ್ತಿದ್ದಳು. ಹಾಡು, ನಗು, ಮನೆ ಕಷ್ಟ ಎಲ್ಲ ಒಂದೇ ಸಾಲಿನಲ್ಲಿ ಆಚೆಯಿಂದ ಈಚೆಗೆ ಹರಿಯುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಮಾತ್ರ ಯಾರೂ ಹೇಳದೆಯೇ ಸಾಲು ಎರಡಾಗುತ್ತಿತ್ತು. ಇದ್ದದ್ದು ಒಂದೇ ಹುಣಸೆ ಮರ. ಬುಡದ ತಂಪು ಕೆಲವರಿಗೆ, ಅಂಚಿನ ಚುಕ್ಕೆ ನೆರಳು ಉಳಿದವರಿಗೆ.

ನೀರು ಕೊಡುವ ಕೆಲಸ ನನ್ನದು. ಆಗ ನನಗೆ ಎಂಟೋ ಒಂಬತ್ತೋ. ಅಂಚಿನಲ್ಲಿ ಕೂತವರು ಬೊಗಸೆಯೊಡ್ಡಿದಾಗ ಚೊಂಬನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ಅಜ್ಜಿ ಕಲಿಸಿದ್ದಳು. ‘ಎತ್ತಿ ಹುಯ್ಯಿ ಮಗ, ಇನ್ನೂ ಎತ್ತಿ’ ಎನ್ನುತ್ತಿದ್ದಳು. ಎತ್ತರದಿಂದ ಬಿದ್ದ ನೀರು ಬೊಗಸೆಯಿಂದ ಸಿಡಿದು ಅವರ ರವಿಕೆ, ಮೊಣಕೈ ಎಲ್ಲ ನೆನೆಯುತ್ತಿತ್ತು. ಅರ್ಧ ಗಳಿಗೆ ಹಿಂದೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬದು ದಾಟಿಸಿದ್ದ ಹೆಂಗಸು ಈಗ ತಲೆ ಬಗ್ಗಿಸಿ ಕೈಯೊಡ್ಡಿ ಕುಡಿಯುತ್ತಿದ್ದಳು. ಅವಳ ಸೊಂಟ ಮುಟ್ಟಬಹುದು, ಅವಳ ತುಟಿಗೆ ಚೊಂಬು ಸೋಕಬಾರದು. ಇದರಲ್ಲಿ ಏನೋ ಸರಿಯಿಲ್ಲ ಎಂದು ಆಗಲೇ ಹೊಳೆದಿತ್ತು. ಕೇಳುವ ಬಾಯಿ ಇರಲಿಲ್ಲ. ಆ ಚೊಂಬಿನ ತೂಕ ಇವತ್ತಿಗೂ ನನ್ನ ಮಣಿಕಟ್ಟಿನಲ್ಲಿದೆ.

ಈಗ ಹಾಗೆ ಯಾರೂ ಎತ್ತಿ ಹುಯ್ಯುವುದಿಲ್ಲ. ಪೇಪರ್ ಲೋಟ ಬಂದಿದೆ. ಟೀ ಆದರೂ ನೀರಾದರೂ ಎಲ್ಲರಿಗೂ ಒಂದೊಂದು, ಕುಡಿದು ಎಸೆದರೆ ಆಯಿತು. ಹಿಂದೆ ಹೋಟೆಲುಗಳಲ್ಲಿ, ಜಗಲಿಗಳಲ್ಲಿ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟ, ತೆಂಗಿನ ಚಿಪ್ಪು ಈಗ ಕಾಣುವುದು ಅಪರೂಪ. ಒಳ್ಳೆಯದಾಯಿತು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಈಚೆಗೆ ಹಾಗನ್ನಿಸುವುದಿಲ್ಲ. ಒಂದೇ ಲೋಟವನ್ನು ತೊಳೆದು ಇನ್ನೊಬ್ಬರಿಗೆ ಕೊಡಬಹುದೇ ಎಂಬ ಪ್ರಶ್ನೆಗೆ ನಮ್ಮೂರುಗಳು ಉತ್ತರ ಕೊಡುವ ಮೊದಲೇ ಪೇಪರ್ ಲೋಟ ಬಂದು ಆ ಪ್ರಶ್ನೆಯನ್ನೇ ಎತ್ತಿಕೊಂಡು ಹೋಯಿತು. ಸ್ಟೀಲ್ ಲೋಟ ಇಟ್ಟ ದಿನ ಏನಾಗುತ್ತದೆ ಎಂಬುದು ಇನ್ನೂ ಹಾಗೇ ಉಳಿದಿದೆ.

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ವೈವಿಧ್ಯ, ಒಳಗೊಳ್ಳುವಿಕೆ ಎಂಬ ಮಾತು ಈಗ ದಿನಬಳಕೆಯದು. ಅದಕ್ಕೆಂದೇ ಅಧಿಕಾರಿಗಳಿದ್ದಾರೆ, ತರಬೇತಿಗಳಿವೆ. ನಮ್ಮ ಕಡೆಯ ಹೊಲ, ಕಲ್ಲು ಕ್ವಾರಿ, ಶಾಲೆಯ ಅಡುಗೆ ಕೋಣೆ, ಹೊಲಿಗೆ ಯಂತ್ರಗಳ ಸಾಲು, ಪಂಚಾಯ್ತಿ ಕಚೇರಿ ಇವೂ ಕೆಲಸದ ಜಾಗಗಳೇ ಎಂಬುದು ಆ ಮಾತಾಡುವವರಿಗೆ ಬೇಗ ನೆನಪಾಗುವುದಿಲ್ಲ. ಆ ಮಾತಿನೊಳಗೆ ನಿಜವಾಗಿ ಮೂರು ಸಂಗತಿಗಳಿವೆ. ಎಲ್ಲ ಬಗೆಯ ಜನ ಅಲ್ಲಿ ಇದ್ದಾರೆಯೇ ಎಂಬುದು ಒಂದು. ಇದ್ದವರ ಮಾತು ಅಲ್ಲಿ ನಡೆಯುತ್ತದೆಯೇ ಎಂಬುದು ಇನ್ನೊಂದು. ಇದು ನನ್ನ ಜಾಗ, ಇಲ್ಲಿ ನಾನು ಮೈ ಹಿಡಿ ಮಾಡಿಕೊಂಡು ಕೂರಬೇಕಾಗಿಲ್ಲ ಎಂದು ಅವರಿಗೆ ಅನ್ನಿಸುತ್ತದೆಯೇ ಎಂಬುದು ಮೂರನೆಯದು. ನಮ್ಮ ಹೊಲದ ಕಳೆಸಾಲಿನಲ್ಲಿ ಮೊದಲನೆಯದು ಪೂರ್ತಿಯಾಗಿ ಇತ್ತು. ಮೂರನೆಯದು ಹುಣಸೆ ಮರದ ಅಂಚಿನಲ್ಲಿ ನಿಂತುಬಿಟ್ಟಿತ್ತು.

ಮೊದಲನೆಯ ಪ್ರಶ್ನೆಯನ್ನು ಈ ಸೀಮೆ ಬಹಳ ಬೇಗ ಎತ್ತಿಕೊಂಡಿತು ಎಂಬ ಹೆಮ್ಮೆ ನನಗಿದೆ. ಚಾಮರಾಜನಗರ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸರ್ಕಾರಿ ಕಚೇರಿಗಳಲ್ಲಿ ಒಂದೇ ಜಾತಿಯವರು ತುಂಬಿದ್ದಾರೆ, ನಮಗೂ ಜಾಗ ಬೇಕು ಎಂದು ಉಳಿದವರು ಅಹವಾಲು ಕೊಟ್ಟಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಮುಂದಿನ ವರ್ಷ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು ಎಂದು ಅದು ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ವರದಿ ಬರುವ ಮೊದಲೇ ಅವರು ದಿವಾನಗಿರಿ ಬಿಟ್ಟಿದ್ದರು. ಮಹಾರಾಜರು ಹಿಂದೆ ಸರಿಯಲಿಲ್ಲ. ಕಚೇರಿಯ ಬಾಗಿಲು ತೆರೆದದ್ದು ಹಾಗೆ. ಬಾಗಿಲು ತೆರೆಸುವುದು ಆಜ್ಞೆಯಿಂದ ಆಗುತ್ತದೆ, ಆಗಲೇಬೇಕು. ಒಳಗೆ ಬಂದವನ ಪಕ್ಕದ ಕುರ್ಚಿಯವರು ತಮ್ಮ ಟಿಫನ್ ಡಬ್ಬಿಯನ್ನು ಅವನತ್ತ ಸರಿಸುತ್ತಾರೆಯೇ ಎಂಬುದಕ್ಕೆ ಯಾವ ಆಜ್ಞೆಯಲ್ಲೂ ಕಲಮು ಇರುವುದಿಲ್ಲ.

ಶಾಲೆಯ ಬಿಸಿಯೂಟದ ಅಡುಗೆ ಕೋಣೆಯಲ್ಲಿ ಈ ಸಂಗತಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಮರುವರ್ಷವೇ ಅಕ್ಷರ ದಾಸೋಹ ಶುರುವಾಯಿತು. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅತ್ಯಂತ ಆಳಕ್ಕೆ ಇಳಿದ ಮಾತು ಅದು. ಸೊಪ್ಪು ಬಿಡಿಸಲು, ಪಾತ್ರೆ ತಿಕ್ಕಲು ನಮ್ಮಲ್ಲಿ ಯಾರಾದರೂ ಆದೀತು. ಒಲೆ ಮುಂದೆ ನಿಂತು ಸೌಟು ಹಿಡಿಯುವವರು ಯಾರು ಎಂಬಲ್ಲಿಗೆ ಬಂದಾಗ ಊರಿನ ಮುಖ ಬದಲಾಗುತ್ತದೆ.

2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಮಕ್ಕಳು ಊಟ ಬಿಟ್ಟರು, ಪೋಷಕರು ವರ್ಗಾವಣೆ ಪತ್ರ ತೆಗೆದುಕೊಂಡರು, 22 ಮಕ್ಕಳಿದ್ದ ಶಾಲೆಯಲ್ಲಿ ಒಂದೇ ಮಗು ಉಳಿಯಿತು ಎಂದು ಪತ್ರಿಕೆಗಳು ಬರೆದವು. ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಎಂದು ಪೋಷಕರಲ್ಲಿ ಕೆಲವರು ಹೇಳಿದರು. ಅಧಿಕಾರಿಗಳು ಊರಿಗೆ ಬಂದು ಮಾತುಕತೆ ನಡೆಸಿದರು. ಅದೇ ತಾಲ್ಲೂಕಿನ ಆಲೂರಿನಲ್ಲಿ ಹುಟ್ಟಿದ ಬಿ. ರಾಚಯ್ಯ, ದಲಿತ ಕುಟುಂಬದಿಂದ ಬಂದವರು, ಹಿಮಾಚಲ ಪ್ರದೇಶಕ್ಕೂ ಆಮೇಲೆ ಕೇರಳಕ್ಕೂ ರಾಜ್ಯಪಾಲರಾಗಿ ಮೂರು ದಶಕ ದಾಟಿತ್ತು. ರಾಜಭವನದ ಊಟದ ಮೇಜಿನ ತಲೆಗೆ ಕೂತವರ ಸೀಮೆಯಲ್ಲಿ ಒಬ್ಬ ತಾಯಿ ಬೇಯಿಸಿದ ಅನ್ನದ ಬಗ್ಗೆ ಊರು ಸಭೆ ಸೇರಬೇಕಾಯಿತು. ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು ಆ ಅಡುಗೆಯ ತಾಯಿ. ತಿಂಗಳಿಗೆ ಐದು ಸಾವಿರ ರೂಪಾಯಿಯನ್ನೂ ಮುಟ್ಟದ ಗೌರವಧನಕ್ಕೆ ಬೆಳಿಗ್ಗೆ ಬಂದು, ಅಕ್ಕಿ ಆರಿಸಿ, ಬೇಳೆ ಬೇಯಿಸಿ, ಬಡಿಸಲು ನಿಂತಾಗ ಎದುರಿಗೆ ತಟ್ಟೆಗಳೇ ಇಲ್ಲದಿದ್ದರೆ ಕೈ ಏನು ಮಾಡುತ್ತದೆ? ಅನ್ನ ಆರುವುದನ್ನು ನೋಡುತ್ತಾ ನಿಲ್ಲುವುದು ಯಾವ ಕೆಲಸದ ಪಟ್ಟಿಯಲ್ಲೂ ಇಲ್ಲದ ಕೆಲಸ.

ಬಿಸಿಯೂಟದಲ್ಲಿ ಒಂದು ನಿಯಮವಿದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಊಟದ ರುಚಿ ನೋಡಿ, ವಹಿಯಲ್ಲಿ ಬರೆದು ಸಹಿ ಹಾಕಬೇಕು. ಆಹಾರ ಕೆಟ್ಟಿದ್ದರೆ ಮೊದಲೇ ತಿಳಿಯಲಿ ಎಂದು ಮಾಡಿದ ನಿಯಮ ಅದು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತ ಮೇಲೆ ಎಲ್ಲೆಡೆ ಬಿಗಿಯಾಯಿತು. ಆದರೆ ಈ ನಿಯಮದ ಹೊಟ್ಟೆಯಲ್ಲಿ ಇನ್ನೊಂದು ಶಕ್ತಿ ಇದೆ. ಹೆಚ್ಚಿನ ಕಡೆ ಶಿಕ್ಷಕರು ಅಂಗೈಗೆ ಒಂದು ಚಮಚ ಹಾಕಿಸಿಕೊಂಡು, ನಿಂತೇ ನೆಕ್ಕಿ, ಸಹಿ ಮಾಡಿ ಹೋಗುತ್ತಾರೆ. ಒಂದು ಶಾಲೆಯಲ್ಲಿ ಬೇರೆ ರೀತಿ ನೋಡಿದೆ. ಮುಖ್ಯ ಶಿಕ್ಷಕರು ತಟ್ಟೆ ತೊಳೆದುಕೊಂಡು ಬಂದು ಜಗಲಿಯಲ್ಲಿ ಮಕ್ಕಳ ಸಾಲಿನ ಮೊದಲ ಜಾಗದಲ್ಲಿ ಚಕ್ಕಲಮಕ್ಕಲ ಹಾಕಿ ಕೂತರು. ಅಡುಗೆಯ ತಾಯಿ ಮೊದಲ ಸೌಟು ಅವರಿಗೇ ಹಾಕಿದರು. ‘ಒಸಿ ಸಾರು ಬುಡು ಕನವ್ವ’ ಎಂದರು ಮೇಷ್ಟ್ರು, ಮನೆಯಲ್ಲಿ ಅಕ್ಕನಿಗೆ ಹೇಳುವ ದನಿಯಲ್ಲಿ. ಪಕ್ಕದ ಹುಡುಗ ಅವರ ತಟ್ಟೆ ನೋಡಿ ತನಗೂ ಅಷ್ಟೇ ಸಾರು ಬೇಕೆಂದ. ಜಾತಿಯ ಬಗ್ಗೆ ಅಲ್ಲಿ ಒಬ್ಬರೂ ಒಂದು ಮಾತೂ ಆಡಲಿಲ್ಲ. ದಿನಾ ಹೀಗೇ ಕೂರುತ್ತೀರಾ ಎಂದು ಕೇಳಿದ್ದಕ್ಕೆ ‘ಹಸಿವಾಯ್ತದೆ, ಕೂತ್ಕತೀನಿ’ ಎಂದರು. ಕೆಲಸದ ಜಾಗದಲ್ಲಿ ಮೇಲಿನವರು ಮಾಡಬಹುದಾದ ಅತಿ ದೊಡ್ಡ ಕೆಲಸ ಇಷ್ಟು ಚಿಕ್ಕದಾಗಿ ಇರಬಲ್ಲದು ಎಂದು ನಾನು ಅರಿತದ್ದು ಆ ಜಗಲಿಯಲ್ಲಿ.

ಮೇಲಿನವರು ಒಂದು ದಿನ ಮಾತ್ರ ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. 2022ರ ನವೆಂಬರ್‌ನಲ್ಲಿ ಹೆಗ್ಗೊಠಾರ ಗ್ರಾಮಕ್ಕೆ ಮದುವೆಗೆಂದು ಬಂದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯಲ್ಲಿ ನೀರು ಕುಡಿದರೆಂದು ಊರಿನ ಕೆಲವರು ತೊಂಬೆಯ ನೀರನ್ನೆಲ್ಲ ಬಿಟ್ಟು, ಗಂಜಲ ಹಾಕಿ ತೊಳೆದರು. ಸುದ್ದಿಯಾದ ಮೇಲೆ ತಹಶೀಲ್ದಾರರು ದಲಿತ ಯುವಕರನ್ನು ಕರೆದುಕೊಂಡು ಹೋಗಿ ಊರಿನ ತೊಂಬೆಗಳಿಂದ ನೀರು ಕುಡಿಸಿದರು. ಅಧಿಕಾರಿ ಹಾಗೆ ಮಾಡಿದ್ದು ಸರಿ, ಮಾಡಲೇಬೇಕಿತ್ತು. ಆದರೆ ಅಧಿಕಾರಿಯ ಜೀಪು ಸಂಜೆಗೆ ಹೊರಟುಹೋಗುತ್ತದೆ. ಮರುದಿನ ಬೆಳಿಗ್ಗೆ ಅದೇ ಜನ ಅದೇ ಹೊಲದಲ್ಲಿ ಒಂದೇ ಸಾಲಿನಲ್ಲಿ ಕೂತು ಕೆಲಸ ಮಾಡಬೇಕು, ಮಧ್ಯಾಹ್ನ ಬಾಯಾರಬೇಕು.

ಜೊತೆಯಾಗಿ ದುಡಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ನಂಬುವವರಿದ್ದಾರೆ. ನಾನೂ ನಂಬಿದ್ದೆ. ಬದನವಾಳು ಆ ನಂಬಿಕೆಯನ್ನು ಅಲ್ಲಾಡಿಸಿತು. ನಂಜನಗೂಡು ತಾಲ್ಲೂಕಿನ ಈ ಊರು ನಮಗೆ ದೂರವೇನಲ್ಲ. ಅಲ್ಲಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು. ಚರಕದ ಮುಂದೆ ಕೂತು ನೂಲು ತೆಗೆದ ಹೆಂಗಸರ ತಲೆಮಾರುಗಳೇ ಅಲ್ಲಿ ಕಳೆದಿವೆ. ಅದೇ ಊರಿನಲ್ಲಿ 1993ರಲ್ಲಿ, ದಲಿತರ ದೇವಸ್ಥಾನ ಪ್ರವೇಶದಿಂದ ಎದ್ದ ವೈಷಮ್ಯಕ್ಕೆ ಮೂವರು ದಲಿತರ ಕೊಲೆಯಾಯಿತು. ಎರಡು ಕೇರಿಗಳ ನಡುವಿನ ರಸ್ತೆ ಓಡಾಟವಿಲ್ಲದೆ ಮುಚ್ಚಿಹೋಯಿತು. ಆ ದಾರಿ ಮತ್ತೆ ತೆರೆದದ್ದು 29 ವರ್ಷಗಳ ನಂತರ, 2022ರ ಅಕ್ಟೋಬರ್ 2ರಂದು, ಭಾರತ್ ಜೋಡೊ ಯಾತ್ರೆಯಲ್ಲಿ ಬಂದ ರಾಹುಲ್ ಗಾಂಧಿ ಎರಡೂ ಕೇರಿಯವರ ಜೊತೆ ಕೂತು ಉಂಡ ದಿನ. ಯಾವ ಪಕ್ಷದವರು ಮಾಡಿಸಿದರು ಎಂಬುದು ನನ್ನ ಚಿಂತೆಯಲ್ಲ. ಚರಕಕ್ಕೆ ತೆರೆಯಲು ಆಗದ ದಾರಿಯನ್ನು ತೆರೆಯಲು ಎಲೆ ಹಾಕಬೇಕಾಯಿತು ಎಂಬುದನ್ನು ಗಮನಿಸುತ್ತೇನೆ.

ಕೇರಳದ ಕಡೆ ದುಡಿಯಲು ಹೋಗುವ ನಮ್ಮ ಗಂಡಸರ ಅನುಭವ ಇದಕ್ಕೆ ತಿರುವುಮುರುವು. ಶುಂಠಿ ಹೊಲದ ಪಕ್ಕದ ಶೆಡ್ಡಿನಲ್ಲಿ ಆರೇಳು ಮಂದಿ ಒಟ್ಟಿಗೆ ಇರುತ್ತಾರೆ. ಬೇರೆ ಬೇರೆ ಕೇರಿಯವರು. ಅಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಎಲ್ಲರೂ ಕನ್ನಡದವರು ಅಷ್ಟೆ. ಒಬ್ಬನ ಪಾಳಿ ಬಂದಾಗ ಅವನು ಅಡುಗೆ ಮಾಡುತ್ತಾನೆ, ಎಲ್ಲರೂ ಒಂದೇ ಪಾತ್ರೆಯಿಂದ ತೆಗೆದುಕೊಳ್ಳುತ್ತಾರೆ. ಜ್ವರ ಬಂದವನಿಗೆ ಇನ್ನೊಬ್ಬ ಗಂಜಿ ಕುಡಿಸುತ್ತಾನೆ. ಹಾಗೆ ಎರಡು ವರ್ಷ ಒಟ್ಟಿಗೆ ಉಂಡ ಇಬ್ಬರು ಗೆಳೆಯರು ನನಗೆ ಗೊತ್ತು. ಊರಿಗೆ ಬಂದಾಗ ಒಬ್ಬ ಇನ್ನೊಬ್ಬನ ಮನೆಗೆ ಹೋಗುತ್ತಾನೆ, ಜಗಲಿಯ ಮೇಲೆ ಕೂರುತ್ತಾನೆ. ಒಳಗಿನಿಂದ ಪೇಪರ್ ಲೋಟದಲ್ಲಿ ಟೀ ಬರುತ್ತದೆ. ‘ಅಲ್ಲಿ ನಾನೇ ಮಾಡಿ ಬಡಿಸ್ತಿದ್ದೆ ಅಣ್ಣ, ಅವನು ಕೇಳಿ ಹಾಕಿಸ್ಕತಿದ್ದ’ ಎಂದು ಅವನು ನನಗೆ ಹೇಳಿದ. ಕೋಪ ಇರಲಿಲ್ಲ, ಬೇಜಾರಿತ್ತು. ಅವರಿಬ್ಬರ ನಡುವೆ ಬಂದದ್ದು ಮನಸ್ಸಿನ ಕೊರತೆಯಲ್ಲ, ನೋಡುವವರ ಕಣ್ಣು. ಹೊಸ ಜಾಗದಲ್ಲಿ ಆ ಕಣ್ಣಿಲ್ಲ, ಅದಕ್ಕೇ ಕೈ ಸಲೀಸಾಗಿ ಪಾತ್ರೆಗೆ ಹೋಗುತ್ತದೆ. ಹೀಗಾಗಿ ಕಾರ್ಖಾನೆ, ಕಚೇರಿಗಳಿಗೆ ಮನೆಗಳಿಗಿಲ್ಲದ ಒಂದು ಅನುಕೂಲವಿದೆ: ಅಲ್ಲಿ ಊಟದ ಪದ್ಧತಿಯನ್ನು ಹೊಸದಾಗಿ ಹಾಕಬಹುದು. 1948ರ ಕಾರ್ಖಾನೆ ಕಾಯ್ದೆಯೇ 150ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಊಟದ ಕೋಣೆ ಇರಬೇಕೆಂದು ಹೇಳಿತ್ತು. ಕೋಣೆ ಕಟ್ಟಿಸಿದವರು ಬಹಳ. ಅದರಲ್ಲಿ ಸೂಪರ್‌ವೈಸರ್, ಗೇಟಿನ ಕಾವಲುಗಾರ, ಶೌಚಾಲಯ ತೊಳೆಯುವ ಹೆಂಗಸು ಮೂವರೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ಎಷ್ಟಿವೆ ಎಂಬುದನ್ನು ಓದುಗರು ತಮ್ಮ ತಮ್ಮ ಕೆಲಸದಲ್ಲಿ ಒಮ್ಮೆ ನೋಡಿಕೊಳ್ಳಬಹುದು.

ಪಕ್ಕದಲ್ಲಿ ಕೂರುವುದರ ಜೊತೆಗೇ ಬರುವುದು ಮಾತು ನಡೆಯುವ ಪ್ರಶ್ನೆ. ಇದನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ ಕೇಳಬೇಕು. ಕಾಡಿನ ಕಾವಲು ಕೆಲಸಕ್ಕೆ ಅರಣ್ಯ ಇಲಾಖೆ ಅವರನ್ನು ಬಹಳ ಕಾಲದಿಂದ ತೆಗೆದುಕೊಂಡಿದೆ. ಹೆಜ್ಜೆ ಗುರುತು, ಮರ, ಗಾಳಿ ಅವರಿಗೆ ಗೊತ್ತು. ಆದರೆ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅವರನ್ನು ಕೇಳಿದ್ದು ಕಡಿಮೆ. ವರ್ಷದ ಮೊದಲಲ್ಲಿ ಒಣಗಿದ ತರಗಿಗೆ ನೆಲಮಟ್ಟದ ಸಣ್ಣ ಬೆಂಕಿ ಇಡುವ ‘ತರಗು ಬೆಂಕಿ’ ಸೋಲಿಗರ ಪದ್ಧತಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಕಾಡನ್ನು ಮುಚ್ಚಿತು, ನೆಲ್ಲಿ ಮರಗಳಿಗೆ ‘ಉಪ್ಪಿಲು’ ಎಂಬ ಬಂದಳಿಕೆ ಹತ್ತಿತು ಎಂದು ಹಿರಿಯ ಸೋಲಿಗರು ಹೇಳುತ್ತಲೇ ಬಂದರು. ವರ್ಷಗಳ ತನಕ ಅದು ಕಾಡಿನವರ ಮಾತು ಎಂದಷ್ಟೇ ಉಳಿಯಿತು. ಆಮೇಲೆ ವಿಜ್ಞಾನಿಗಳು ಅವರ ಜೊತೆ ಕೂತು ಅಳೆದು ನೋಡಿದರು, ಆ ಮಾತು ಸಂಶೋಧನಾ ಪತ್ರಿಕೆಗಳಿಗೂ ಹೋಯಿತು. ಹಾಗೆ ಸಂಶೋಧನೆಗೆ ಕೈ ಸೇರಿಸಿದವರಲ್ಲಿ, ಸೋಲಿಗರಲ್ಲಿ ಮೊದಲ ಪಿಎಚ್.ಡಿ. ಪಡೆದ ಡಾ. ಸಿ. ಮಾದೇಗೌಡ ಒಬ್ಬರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಕೆಲಸಕ್ಕೆ ಕರೆದವರ ಕೈಕಾಲಿನ ಜೊತೆ ಅವರ ತಿಳಿವಳಿಕೆಯನ್ನೂ ಒಳಗೆ ಕರೆಯದಿದ್ದರೆ ನಷ್ಟ ಇಬ್ಬರಿಗೂ ಎಂಬುದಕ್ಕೆ ಆ ಬೆಟ್ಟದ ಲಂಟಾನ ಪೊದೆಗಳೇ ಸಾಕ್ಷಿ.

ಹೆಂಗಸರ ವಿಷಯದಲ್ಲಿ ಕಾನೂನು ಸಾಕಷ್ಟು ದೂರ ಬಂದಿದೆ, ಸುದ್ದಿ ಮಾತ್ರ ಹೊಲದವರೆಗೆ ಬಂದಿಲ್ಲ. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಂತೆ ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೆ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮನೆಗೆಲಸದವರಿಗೆ, ಕೂಲಿಯವರಿಗೆ ಕೂಡ ಆ ಬಾಗಿಲು ಇದೆ. ಅಂಗವಿಕಲರಿಗೆ 2016ರ ಕಾಯ್ದೆ ಇದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ದೇಶದಲ್ಲೇ ಮೊದಲು ತಂದಿತು. ಇವೆಲ್ಲ ಬಾಗಿಲುಗಳು. ಒಳಗೆ ಬಂದವರು ಮಧ್ಯಾಹ್ನ ಎಲ್ಲಿ ಕೂರುತ್ತಾರೆ ಎಂಬ ನನ್ನ ಹಳೆಯ ಪ್ರಶ್ನೆ ಇಲ್ಲೂ ಹಾಗೇ ಇರುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಜಿಲ್ಲೆ ಹೊರಗೆ ಹೋಗಬೇಕಾಗಿಲ್ಲ. ಜನವರಿಯ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ಶುರುವಾಗುತ್ತದೆ. ಚಂದ್ರಮಂಡಲ ಎಂಬ ಜ್ಯೋತಿ ಹೊತ್ತಿದಾಗಿನಿಂದ ಐದು ದಿನ. ಅದರಲ್ಲಿ ಒಂದು ದಿನದ ಹೆಸರೇ ಪಂಕ್ತಿಸೇವೆ. ಗಾಡಿ, ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದ ಒಕ್ಕಲುಗಳು ಬಯಲಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆ ಹಚ್ಚಿ, ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುತ್ತಾರೆ. ಸಿದ್ದಪ್ಪಾಜಿ ಸೇರಿದ ಮಂಟೇಸ್ವಾಮಿ ಪರಂಪರೆಯ ಒಕ್ಕಲುಗಳಲ್ಲಿ ದಲಿತರಿದ್ದಾರೆ, ಉಪ್ಪಾರರಿದ್ದಾರೆ, ಒಕ್ಕಲಿಗರಿದ್ದಾರೆ, ಇನ್ನೂ ಅನೇಕರಿದ್ದಾರೆ. ಪಕ್ಕದ ಬಿಡಾರದವರು ಯಾರೆಂದು ಕೇಳದೆ ಕರೆದು ಕೂರಿಸಿ ಬಡಿಸುವುದು ಅಲ್ಲಿ ಸೇವೆ. ಊಟವನ್ನೇ ಸೇವೆ ಎಂದು ಕರೆದ ಜನ ನಾವು. ವರ್ಷಕ್ಕೊಮ್ಮೆ ಬಯಲಿನಲ್ಲಿ ಮಾಡುವುದನ್ನು ವಾರದ ಆರು ದಿನ ಹೊಲದ ಬದುವಿನಲ್ಲಿ, ಕಾರ್ಖಾನೆಯ ಬೆಂಚಿನಲ್ಲಿ, ಶಾಲೆಯ ಜಗಲಿಯಲ್ಲಿ ಮಾಡಲು ನಮಗೆ ಹೊಸ ಪದ ಬೇಕಾಗಿಲ್ಲ, ಹಳೆಯದೇ ಇದೆ.

ಹೋದ ಮಳೆಗಾಲದಲ್ಲಿ ಅರಿಶಿನದ ಹೊಲಕ್ಕೆ ಕಳೆಗೆ ಬಂದ ಹೆಂಗಸರ ಜೊತೆ ನಾನೂ ಮಧ್ಯಾಹ್ನದ ತನಕ ಇದ್ದೆ. ಪೇಪರ್ ಲೋಟ ತರುವುದು ಬೇಡವೆಂದು ಮನೆಯಿಂದ ಸ್ಟೀಲ್ ಲೋಟಗಳನ್ನೇ ತಂದಿದ್ದೆ, ಎಂಟು ಮಂದಿಗೆ ಐದು. ಬೇಕೆಂದೇ ಕಡಿಮೆ ತಂದಿದ್ದೆ. ಹುಣಸೆ ಮರ ಈಗಿಲ್ಲ, ಬೇವಿನ ಮರವೊಂದು ಬೆಳೆದಿದೆ. ಬುತ್ತಿ ಬಿಚ್ಚಿದರು. ಹಿಟ್ಟು ಮುರಿದರು. ನೀರು ಬೇಕಾದಾಗ ಲೋಟಗಳು ಒಂದು ಕ್ಷಣ ನೆಲದ ಮೇಲೇ ಉಳಿದವು. ವಯಸ್ಸಾದ ಒಬ್ಬ ಹೆಂಗಸು, ಹಿಂದಿನ ಕಾಲದಲ್ಲಿ ಮರದ ಬುಡದಲ್ಲೇ ಕೂರುತ್ತಿದ್ದ ಮನೆಯವಳು, ಕೈಗೆ ಸಿಕ್ಕ ಲೋಟ ತೆಗೆದು ಕುಡಿದು, ಉಳಿದ ನೀರಿನಲ್ಲಿ ಅಂಚು ತೊಳೆದು, ಮತ್ತೆ ತುಂಬಿಸಿ ಪಕ್ಕದವಳ ಕೈಗೆ ಕೊಟ್ಟಳು. ಪಕ್ಕದವಳು ಅಭ್ಯಾಸಕ್ಕೆ ತಲೆ ಹಿಂದೆ ಮಾಡಿ ಎತ್ತಿ ಹುಯ್ದುಕೊಳ್ಳಲು ಹೋದಳು. ‘ಕಚ್ಕಂಡೇ ಕುಡಿಯವ್ವ, ಮೈಯೆಲ್ಲ ನೆಂದದು’ ಎಂದಳು ಆ ಅಜ್ಜಿ, ತನ್ನ ಉಪ್ಪಿನಕಾಯಿಯ ಡಬ್ಬಿಯ ಮುಚ್ಚಳ ತೆಗೆಯುತ್ತಾ.